ದೊಡ್ಡಜಾಲದ ಕಲ್ಲುಗೋಡೆ

ವಿಮಾನ ಹಿಡಿಯುವ ಅವಸರದಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ಓಡಾಡಿದವರೇ ನಾವೆಲ್ಲ. ಆ ಗದ್ದಲದಿಂದ ತುಸು ಒಳಗೆ ಸರಿದರೆ ದೊಡ್ಡಜಾಲದ ಹಳೇ ರೈಲು ಟೇಸನ್ನು. ಕೆಲವು ವರ್ಷಗಳ ಹಿಂದೆ ನಾನು ಹೋದಾಗ ಸೂರು ಕುಸಿದಿತ್ತು, ಕಲ್ಲಿನ ಸಂದಿಗೆ ಗಿಡವೊಂದು ಬೇರಿಳಿಸಿ ಕೂತಿತ್ತು, ಜನ ಟಿಕೇಟಿಗೆ ಕೈಚಾಚುತ್ತಿದ್ದ ಕಡೆ ತರಗೆಲೆ ತುಂಬಿತ್ತು.

1915ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಯಲಹಂಕದಿಂದ ಚಿಕ್ಕಬಳ್ಳಾಪುರಕ್ಕೆ ಬಂದ ಪುಟ್ಟ ರೈಲಿನ ದಾರಿ ಇದು. ಹಳಿಯಿಂದ ಹಳಿಗೆ ಬರೀ ಎರಡೂವರೆ ಅಡಿ. ಮುಂದೆ ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರ ದಾಟಿ ಕೋಲಾರದ ತನಕ ಅದೇ ಸಣ್ಣ ಹಳಿ.

ಅಜ್ಜಿಯ ಸೊಂಟಕ್ಕೆ ಆತುಕೊಂಡು ಆ ಡಬ್ಬಿಯಲ್ಲಿ ಕೂತಿದ್ದು ನೆನಪಿದೆ. ದೇವನಹಳ್ಳಿಯಲ್ಲಿ ಹತ್ತಿದವರ ಬುಟ್ಟಿಯ ಚಕ್ಕೋತದ ಹುಳಿಗಂಪು, ಶಿಡ್ಲಘಟ್ಟಕ್ಕೆ ಹೊರಟ ರೇಷ್ಮೆಗೂಡಿನ ಕಮಟು, ಬೀಡಿ ಹೊಗೆ, ಎಲ್ಲದರ ಮೇಲೆ ನೀರು ಚಿಮುಕಿಸಿದ ಕಲ್ಲಿದ್ದಲಿನ ಆ ಒದ್ದೆ ವಾಸನೆ. ಏರು ಬಂದಾಗ ಇಂಜಿನ್ನು ವಯಸ್ಸಾದವರ ಹಾಗೆ ಏದುಸಿರು ಬಿಡುತ್ತಿತ್ತು. ಕಿಟಕಿಗೆ ಮುಖವೊಡ್ಡಿದರೆ "ಕಣ್ಣಿಗೆ ಇದ್ದಲು ಬೀಳುತ್ತೆ ಕಣೋ" ಎಂದು ಅಜ್ಜಿ ಸೆರಗು ಮುಚ್ಚುತ್ತಿದ್ದಳು. ನಾನು ಆ ನೂಲಿನ ಎಳೆಗಳ ನಡುವಿಂದಲೇ ನಂದಿಬೆಟ್ಟ ನೋಡುತ್ತಿದ್ದೆ. ಊರು ತಲುಪಿ ಮುಖ ತೊಳೆದರೆ ಚೊಂಬಿನ ನೀರೆಲ್ಲ ಕಪ್ಪು. ಆ ಮಸಿಯನ್ನು ಬೈದುಕೊಂಡೇ ಬೆಳೆದೆವು. ಈಗ ಅದಕ್ಕೇ ಜೀವ ಹಾತೊರೆಯುತ್ತದೆ.

ಸಣ್ಣ ಹಳಿ ಕಿತ್ತು ದೊಡ್ಡದು ಹಾಕಿದರು. ಬೇಕಾಗಿತ್ತು, ತಪ್ಪೇನಿಲ್ಲ, ಅಷ್ಟು ನಿಧಾನದ ರೈಲಿಗೆ ಯಾರು ಕಾಯುತ್ತಾರೆ ಈಗ? ಆದರೂ ಆ ಗೋಡೆಗೆ ಬೆನ್ನು ಕೊಟ್ಟು ಕೂತಾಗ, ಬಿಸಿಲಿಗೆ ಕಾದ ಕಲ್ಲು ಅಂಗಿಯೊಳಗಿಂದ ಬೆನ್ನಿಗೆ ತಾಕಿದಾಗ, ಇನ್ನೇನು ಶಿಳ್ಳೆ ಕೇಳುತ್ತದೆ ಅನ್ನಿಸಿ ಕಿವಿಗೊಟ್ಟೆ. ತಲೆಯ ಮೇಲೆ ವಿಮಾನ ಹೋಯಿತು. ಅದರ ಸದ್ದು ಅಡಗುವಷ್ಟರಲ್ಲಿ ಇನ್ನೊಂದು.

ಹಳೆಯ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್‌ ಸಂಸ್ಥೆಯವರು ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್‌ಗಳ ಜೀರ್ಣೋದ್ಧಾರಕ್ಕೆ ಕೈಹಾಕಿದರು ಎಂದು ತಿಳಿದಾಗ ಮನಸ್ಸು ಹಗುರಾಯಿತು. ಮುಂದಿನ ಸಲ ವಿಮಾನಕ್ಕೆ ಹೊರಟಾಗ ಅರ್ಧ ಗಂಟೆ ಮುಂಚೆ ಮನೆ ಬಿಡಿ. ದೊಡ್ಡಜಾಲದಲ್ಲಿ ಇಳಿದು ಆ ಕಲ್ಲಿನ ಮೇಲೆ ಒಮ್ಮೆ ಅಂಗೈ ಇಟ್ಟು ಬನ್ನಿ.