ಸಿಗ್ನಲ್ ಕಂಬಗಳ ಲೋಕಸಂಚಾರ

ಹೊಸ ಊರಿಗೆ ಹೋದವರು ದೇವಸ್ಥಾನ ನೋಡುತ್ತಾರೆ, ಕೋಟೆ ನೋಡುತ್ತಾರೆ, ಪೇಟೆಯಲ್ಲಿ ಸೀರೆ ನೋಡುತ್ತಾರೆ. ಸರ್ಕಲ್ಲಿನಲ್ಲಿ ನಿಂತ ಸಿಗ್ನಲ್ ಕಂಬವನ್ನು ಮಾತ್ರ ಯಾರೂ ನೋಡುವುದಿಲ್ಲ. ಅದರ ದೀಪದ ಬಣ್ಣ ನೋಡಿ ಮುಂದೆ ಹೋಗಿಬಿಡುತ್ತಾರೆ. ಆದರೆ ಆ ಊರಿನ ಗಾಳಿ ಎಂಥದು, ಹಿಮ ಎಷ್ಟು ಬೀಳುತ್ತದೆ, ಅಲ್ಲಿಯವರಿಗೆ ಮುದುಕರು-ಮಕ್ಕಳ ಮೇಲೆ ಎಷ್ಟು ಕಾಳಜಿ ಎಂಬುದನ್ನೆಲ್ಲ ಆ ಕಂಬವೇ ಹೇಳುತ್ತದೆ. ಮಕ್ಕಳೇ, ಬನ್ನಿ, ಅಜ್ಜ-ಅಜ್ಜಿಯನ್ನೂ ಕರೆದುಕೊಳ್ಳಿ. ಒಂದು ಸುತ್ತು ಹೋಗಿ ಬರೋಣ. ಟಿಕೆಟ್ಟೂ ಬೇಡ, ವೀಸಾವೂ ಬೇಡ.

ಮೊದಲ ನಿಲ್ದಾಣ ಲಂಡನ್. ಸಿಗ್ನಲ್ ಹುಟ್ಟಿದ್ದೇ ಅಲ್ಲಿ, 1868ರ ಡಿಸೆಂಬರಿನಲ್ಲಿ, ಪಾರ್ಲಿಮೆಂಟ್ ಭವನದ ಹತ್ತಿರ. ಆಗ ಕಾರು ಇರಲಿಲ್ಲ, ಇದ್ದದ್ದು ಕುದುರೆಗಾಡಿಗಳು. ಜಾನ್ ಪೀಕ್ ನೈಟ್ ಎಂಬ ರೈಲ್ವೆ ಎಂಜಿನಿಯರ್, ರೈಲಿಗೆ ಇದ್ದ ಕೈಮರವನ್ನೇ ರಸ್ತೆಗೆ ತಂದು ನಿಲ್ಲಿಸಿದ. ಕೈಮರ ಅಂದರೆ ಏನು ಎಂದು ಅಜ್ಜನನ್ನು ಕೇಳಿ. ಹಿಂದೆ ಸಣ್ಣ ಸ್ಟೇಶನ್ನುಗಳಲ್ಲಿ ‘ಕೈಮರ ಬಿತ್ತು’ ಎಂದರೆ ಗಂಟುಮೂಟೆ ಎತ್ತಿಕೊಂಡು ಎದ್ದು ನಿಲ್ಲುತ್ತಿದ್ದರು, ರೈಲು ಬಂತು ಎಂದು. ಲಂಡನ್ನಿನ ಕಂಬದಲ್ಲಿಯೂ ಹಗಲು ಹೊತ್ತು ಕೈ ಚಾಚಿದರೆ ನಿಲ್ಲಬೇಕು. ರಾತ್ರಿಗೆ ಕೆಂಪು ಮತ್ತು ಹಸಿರು ಗ್ಯಾಸ್ ದೀಪ. ಒಂದು ತಿಂಗಳು ತುಂಬುವುದರೊಳಗೆ ಗ್ಯಾಸ್ ಸಿಡಿದು, ದೀಪ ನೋಡಿಕೊಳ್ಳುತ್ತಿದ್ದ ಪೊಲೀಸನಿಗೆ ಗಾಯವಾಯಿತು. ಮುಂದೆ ವಿದ್ಯುತ್ ಸಿಗ್ನಲ್ ಬಂದದ್ದು ಅಮೆರಿಕದ ಕ್ಲೀವ್‌ಲ್ಯಾಂಡಿನಲ್ಲಿ, 1914ರಲ್ಲಿ. ನಡುವೆ ಹಳದಿ ದೀಪ ಸೇರಿಸಿ ನಾಲ್ಕು ದಿಕ್ಕಿಗೂ ಮೂರು ಬಣ್ಣ ತೋರಿಸಿದವನು ಡೆಟ್ರಾಯ್ಟ್ ನಗರದ ಪೊಲೀಸ್ ಅಧಿಕಾರಿ ವಿಲಿಯಂ ಪಾಟ್ಸ್, 1920ರಲ್ಲಿ.

ನಿಲ್ಲಿಸಿದ ಕಂಬದಲ್ಲಿ ಕೆಂಪು ಮೇಲೆ, ಹಳದಿ ನಡುವೆ, ಹಸಿರು ಕೆಳಗೆ. ಬಹುಪಾಲು ಲೋಕಕ್ಕೆಲ್ಲ ಇದೇ ಕ್ರಮ. ಇದು ಬರಿಯ ಅಂದಕ್ಕಲ್ಲ. ಕೆಲವರ ಕಣ್ಣಿಗೆ ಕೆಂಪು ಮತ್ತು ಹಸಿರಿನ ಭೇದ ಸರಿಯಾಗಿ ತಿಳಿಯುವುದಿಲ್ಲ. ಅವರು ಬಣ್ಣ ನೋಡುವುದಿಲ್ಲ, ಜಾಗ ನೋಡುತ್ತಾರೆ. ಮೇಲಿನದು ಉರಿದರೆ ನಿಲ್ಲುವುದು, ಕೆಳಗಿನದು ಉರಿದರೆ ಹೊರಡುವುದು. ಕೆನಡಾದ ಕೆಲವು ಪ್ರಾಂತ್ಯಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅಲ್ಲಿ ಕೆಂಪು ದೀಪ ಚೌಕ, ಹಳದಿ ದೀಪ ಇಸ್ಪೀಟಿನ ಡೈಮಂಡ್ ಆಕಾರ, ಹಸಿರು ಮಾತ್ರ ದುಂಡಗೆ. ಬಣ್ಣ ತಿಳಿಯದವನೂ ಆಕಾರ ನೋಡಿ ಬ್ರೇಕ್ ಹಾಕಬಹುದು.

ಈ ಕ್ರಮವನ್ನು ತಲೆಕೆಳಗು ಮಾಡಿದ ಊರೂ ಒಂದುಂಟು. ಅಮೆರಿಕದ ಸಿರಾಕ್ಯೂಸ್ ನಗರದ ಟಿಪ್ಪರೇರಿ ಹಿಲ್ ಎಂಬ ಬಡಾವಣೆಯಲ್ಲಿ ಐರ್ಲೆಂಡಿನಿಂದ ಬಂದವರು ಬಹಳ. ಹಸಿರು ಅವರ ನಾಡಿನ ಬಣ್ಣ, ಕೆಂಪು ಅವರನ್ನು ಆಳಿದ ಬ್ರಿಟಿಷರ ಬಣ್ಣ. 1920ರ ದಶಕದಲ್ಲಿ ಅಲ್ಲಿ ಸಿಗ್ನಲ್ ಹಾಕಿದಾಗ, ಹಸಿರಿನ ತಲೆಯ ಮೇಲೆ ಕೆಂಪು ಕೂರುವುದೇ ಎಂದು ಹುಡುಗರು ಕಲ್ಲು ಬೀರಿ ದೀಪ ಒಡೆದರು. ಮತ್ತೆ ಹಾಕಿದರು, ಮತ್ತೆ ಒಡೆದರು. ಕೊನೆಗೆ ನಗರದವರೇ ಸೋತು ಹಸಿರನ್ನು ಮೇಲಕ್ಕೆ ಏರಿಸಿದರು. ಇವತ್ತಿಗೂ ಆ ಮೂಲೆಯಲ್ಲಿ ಹಸಿರೇ ಮೇಲೆ. ಕಲ್ಲು ಹೊಡೆಯುವುದು ಒಳ್ಳೆಯದಲ್ಲ ಮಕ್ಕಳೇ, ಆದರೆ ಕಥೆ ಮಾತ್ರ ನಿಜ!

ಇನ್ನು ಜಪಾನಿಗೆ ಹಾರೋಣ. ಟೋಕಿಯೋದಲ್ಲಿ ಸಿಗ್ನಲ್ ನಿಂತಿರುವುದಿಲ್ಲ, ಮಲಗಿರುತ್ತದೆ. ಮೂರೂ ದೀಪ ಅಡ್ಡಸಾಲಿನಲ್ಲಿ, ಕೆಂಪು ಬಲಗಡೆ. ಏಕೆ ಬಲಗಡೆ? ಅಲ್ಲಿಯೂ ನಮ್ಮ ಹಾಗೆ ರಸ್ತೆಯ ಎಡಬದಿಯಲ್ಲಿ ವಾಹನ ಓಡಿಸುತ್ತಾರೆ. ಬಲತುದಿ ಎಂದರೆ ರಸ್ತೆಯ ನಡುವಿಗೆ ಹತ್ತಿರ. ಫುಟ್‌ಪಾತಿನ ಮರದ ಕೊಂಬೆ ಅದನ್ನು ಮುಚ್ಚುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ದೀಪಕ್ಕೆ ಎಲ್ಲಕ್ಕಿಂತ ಕಾಣುವ ಜಾಗ. ಅದೇ ಜಪಾನಿನ ಉತ್ತರಕ್ಕೆ, ಹೊಕ್ಕೈಡೋ ದ್ವೀಪಕ್ಕೆ ಹೋದರೆ ಸಿಗ್ನಲ್ ಎದ್ದು ನಿಂತುಬಿಡುತ್ತದೆ. ಅಲ್ಲಿ ಹಿಮ ಜೋರು. ಅಡ್ಡ ಮಲಗಿದ ಪೆಟ್ಟಿಗೆಯ ಬೆನ್ನಿನ ಮೇಲೆ ಹಿಮ ಗುಡ್ಡೆಯಾಗಿ ಕೂರುತ್ತದೆ. ನಿಲ್ಲಿಸಿದರೆ ಭಾರ ಕಡಿಮೆ. ಹಿಂದೆ ಬಲ್ಬಿನ ಬಿಸಿಗೆ ದೀಪದ ಮುಖದ ಹಿಮ ತಾನೇ ಕರಗುತ್ತಿತ್ತು. ಎಲ್‌ಇಡಿ ತಣ್ಣಗಿರುತ್ತದೆ, ಹಿಮ ಅಂಟಿಕೊಂಡೇ ಇರುತ್ತದೆ. ಅದಕ್ಕಾಗಿ ಚಪ್ಪಟೆ ಸಿಗ್ನಲ್ ಮಾಡಿ ಮುಖವನ್ನು ಸ್ವಲ್ಪ ಕೆಳಕ್ಕೆ ಬಾಗಿಸಿದ್ದಾರೆ.

ಜಪಾನಿನವರು ಹಸಿರು ದೀಪವನ್ನು ‘ಆವೊ’ ಎನ್ನುತ್ತಾರೆ. ಆವೊ ಎಂದರೆ ನೀಲಿ. ಹಳೆಯ ಕಾಲದಲ್ಲಿ ಅವರ ಭಾಷೆಯಲ್ಲಿ ನೀಲಿ, ಹಸಿರು ಎರಡಕ್ಕೂ ಅದೇ ಮಾತು ನಡೆಯುತ್ತಿತ್ತು. ಹೆಸರು ನೀಲಿ, ದೀಪ ಹಸಿರು ಎಂಬ ಗೊಂದಲಕ್ಕೆ 1973ರಲ್ಲಿ ಸರ್ಕಾರ ಒಂದು ಉಪಾಯ ಮಾಡಿತು. ಹಸಿರೇ ಇರಲಿ, ಆದರೆ ಆದಷ್ಟು ನೀಲಿಗೆ ವಾಲಿದ ಹಸಿರಾಗಿರಲಿ ಎಂದಿತು. ಭಾಷೆಯೂ ಉಳಿಯಿತು, ನಿಯಮವೂ ಉಳಿಯಿತು.

ದೀಪ ಎಲ್ಲಿ ನಿಲ್ಲಬೇಕು ಎಂಬುದರಲ್ಲಿಯೂ ದೇಶಕ್ಕೊಂದು ರೀತಿ. ಅಮೆರಿಕದಲ್ಲಿ ಸಿಗ್ನಲ್ ಸಾಮಾನ್ಯವಾಗಿ ಚೌಕದ ಆಚೆ ದಡದಲ್ಲಿ, ರಸ್ತೆಯ ಮೇಲೆಯೇ ತೂಗುತ್ತದೆ. ಎಷ್ಟೋ ಊರುಗಳಲ್ಲಿ ಬಟ್ಟೆ ಒಣಹಾಕುವ ಹಗ್ಗದಂತೆ ತಂತಿ ಎಳೆದು ನೇತುಹಾಕಿರುತ್ತಾರೆ. ಫ್ಲಾರಿಡಾದ ಕಡಲತೀರದಲ್ಲಿ ಚಂಡಮಾರುತದ ಕಾಟ, ಆದ್ದರಿಂದ ಅಲ್ಲಿ ತಂತಿ ಬಿಟ್ಟು ಉಕ್ಕಿನ ತೋಳಿರುವ ಗಟ್ಟಿ ಕಂಬಗಳನ್ನು ನಿಲ್ಲಿಸಿದ್ದಾರೆ. ಫ್ರಾನ್ಸಿನಲ್ಲಿ ಸಿಗ್ನಲ್ ಈಚೆ ದಡದಲ್ಲಿ, ನಿಲ್ಲುವ ಗೆರೆಯ ಪಕ್ಕದಲ್ಲಿಯೇ ಇರುತ್ತದೆ. ಹಾಗಾದರೆ ಎಲ್ಲರಿಗಿಂತ ಮುಂದೆ ನಿಂತ ಕಾರಿನವನು ಕತ್ತು ಎತ್ತಿ ಆಕಾಶ ನೋಡಬೇಕಲ್ಲ? ಅವನಿಗಾಗಿ ಅದೇ ಕಂಬದಲ್ಲಿ, ಅವನ ಕಣ್ಣಿನ ಮಟ್ಟಕ್ಕೆ, ಪುಟ್ಟ ಮೂರು ದೀಪಗಳ ಇನ್ನೊಂದು ಸಿಗ್ನಲ್ ಇಟ್ಟಿದ್ದಾರೆ. ದೊಡ್ಡ ಸಿಗ್ನಲ್ಲಿನ ಮರಿ ಇದ್ದ ಹಾಗೆ.

ಇಷ್ಟು ಹೊತ್ತು ಗಾಡಿಯವರ ದೀಪ ನೋಡಿದೆವು. ನಡೆಯುವವರ ದೀಪವೂ ಉಂಟಲ್ಲ! ಪೂರ್ವ ಬರ್ಲಿನ್ನಿನಲ್ಲಿ 1961ರಲ್ಲಿ ಕಾರ್ಲ್ ಪೆಗ್ಲಾವ್ ಎಂಬವರು ಟೋಪಿ ಹಾಕಿದ ಒಂದು ದುಂಡು ಮನುಷ್ಯನನ್ನು ಬರೆದರು. ಹಸಿರಾದಾಗ ಅವನು ದಾಪುಗಾಲು ಹಾಕುತ್ತಾನೆ, ಕೆಂಪಾದಾಗ ಎರಡೂ ಕೈ ಚಾಚಿ ತಡೆಯುತ್ತಾನೆ. ಎರಡು ಜರ್ಮನಿಗಳು ಒಂದಾದ ಮೇಲೆ ಅವನನ್ನು ತೆಗೆಯಹೊರಟರು. ಜನ ಒಪ್ಪಲಿಲ್ಲ. ಈಗ ಅವನು ಪಶ್ಚಿಮ ಬರ್ಲಿನ್ನಿಗೂ ಬಂದಿದ್ದಾನೆ. ನಮ್ಮ ಮುಂಬೈನ ದಾದರ್ ಕಡೆ 2020ರಲ್ಲಿ ಸಿಗ್ನಲ್ಲಿನೊಳಗೆ ಹೆಂಗಸಿನ ಚಿತ್ರ ಬಂತು. ರಸ್ತೆ ದಾಟುವುದು ಗಂಡಸರು ಮಾತ್ರವೇ?

ಕಣ್ಣು ಕಾಣದವರಿಗೆ ಏನು ಮಾಡಿದ್ದಾರೆ? ಜಪಾನಿನ ಎಷ್ಟೋ ಚೌಕಗಳಲ್ಲಿ ಹಸಿರಾದಾಗ ಹಕ್ಕಿ ಕೂಗುತ್ತದೆ. ಒಂದು ದಿಕ್ಕಿಗೆ ಕೋಗಿಲೆಯಂಥ ದನಿ, ಇನ್ನೊಂದು ದಿಕ್ಕಿಗೆ ಮರಿಹಕ್ಕಿಯ ಚಿಲಿಪಿಲಿ. ಯಾವ ರಸ್ತೆ ದಾಟಬಹುದು ಎಂದು ಕಿವಿಗೇ ತಿಳಿಯುತ್ತದೆ. ಬ್ರಿಟನ್ನಿನಲ್ಲಿ ಒತ್ತುವ ಗುಂಡಿಯ ಪೆಟ್ಟಿಗೆಯ ಅಡಿಯಲ್ಲಿ, ಗೊತ್ತಿಲ್ಲದವರ ಕಣ್ಣಿಗೆ ಬೀಳದಂತೆ, ಒಂದು ಸಣ್ಣ ಬುಗುರಿಯಂಥ ತುಂಡು ಇರುತ್ತದೆ. ಹಸಿರಾದಾಗ ಅದು ಗಿರ್ರನೆ ತಿರುಗುತ್ತದೆ. ಬೆರಳಿಟ್ಟವರಿಗೆ ದಾರಿ ಸಿಕ್ಕಿತು.

ಈಗ ಒಂದು ಲೆಕ್ಕ. ಬ್ಯಾಂಕಿನಲ್ಲಿ ಕೂಡಿ ಕಳೆದ ಕೈ, ಲೆಕ್ಕವಿಲ್ಲದೆ ಮುಗಿಸಲು ಮನಸ್ಸು ಬಾರದು. ಅಮೆರಿಕದಲ್ಲಿ ನಡೆಯುವವರಿಗೆ ಸಮಯ ಕೊಡುವಾಗ ಒಬ್ಬರು ಸೆಕೆಂಡಿಗೆ 4 ಅಡಿ ನಡೆಯುತ್ತಾರೆ ಎಂದು ಹಿಡಿಯುತ್ತಿದ್ದರು. 2009ರಲ್ಲಿ ಅದನ್ನು 3.5 ಅಡಿಗೆ ಇಳಿಸಿದರು. ರಸ್ತೆ 84 ಅಡಿ ಅಗಲವಿದ್ದರೆ ಮೊದಲು 21 ಸೆಕೆಂಡು, ಈಗ 24. ಮೂರು ಸೆಕೆಂಡು ಎಂದರೆ ನಗಬೇಡಿ. ಕೋಲು ಊರಿಕೊಂಡು ಸೆಕೆಂಡಿಗೆ 3 ಅಡಿ ನಡೆಯುವ ಅಜ್ಜಿಗೆ ಅದೇ ರಸ್ತೆಗೆ 28 ಸೆಕೆಂಡು ಬೇಕು. 21ಕ್ಕೆ ದೀಪ ಬದಲಾದರೆ ಅವರು 63 ಅಡಿಯಲ್ಲಿರುತ್ತಾರೆ. ಇನ್ನೂ 21 ಅಡಿ ಬಾಕಿ, ಎದುರಿಗೆ ಬಸ್ಸು. ಸಿಂಗಪುರದವರು 2009ರಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಅಲ್ಲಿಯ ಹಿರಿಯರು ಮತ್ತು ಅಂಗವಿಕಲರು ತಮ್ಮ ಕಾರ್ಡನ್ನು ಕಂಬದ ಪೆಟ್ಟಿಗೆಗೆ ತಾಗಿಸಿದರೆ ಹಸಿರು ಮನುಷ್ಯ ಇನ್ನಷ್ಟು ಹೊತ್ತು ಕಾಯುತ್ತಾನೆ. ರಸ್ತೆಯ ಅಗಲ ನೋಡಿಕೊಂಡು 3ರಿಂದ 13 ಸೆಕೆಂಡು ಹೆಚ್ಚು.

ಕೊನೆಯದಾಗಿ ನಮ್ಮ ನೆರೆಯ ಭೂತಾನ್. ರಾಜಧಾನಿ ಥಿಂಪುವಿನಲ್ಲಿ ಒಮ್ಮೆ ಸಿಗ್ನಲ್ ಹಾಕಿ ನೋಡಿದರು. ಜನರಿಗೆ ಹಿಡಿಸಲಿಲ್ಲ, ತೆಗೆದುಬಿಟ್ಟರು. ಅಲ್ಲಿ ಬಣ್ಣ ಬಣ್ಣದ ಪುಟ್ಟ ಮಂಟಪದೊಳಗೆ ಬಿಳಿ ಕೈಗವಸು ತೊಟ್ಟ ಪೊಲೀಸರು ನಾಟ್ಯದಂತೆ ಕೈ ಆಡಿಸಿ ವಾಹನ ಬಿಡುತ್ತಾರೆ. ದೀಪಕ್ಕೆ ಅಜ್ಜಿ ಕಾಣುವುದಿಲ್ಲ, ಅವರಿಗೆ ಕಾಣುತ್ತದೆ.

ನಮ್ಮ ಊರಿನ ಕಂಬ ಏನು ಹೇಳುತ್ತದೆ? ಈ ಭಾನುವಾರ ಮಕ್ಕಳು ಅಜ್ಜ-ಅಜ್ಜಿಯ ಜೊತೆ ಹತ್ತಿರದ ಸಿಗ್ನಲ್ಲಿಗೆ ಹೋಗಿ, ಫುಟ್‌ಪಾತಿನ ಮೇಲೆಯೇ ನಿಂತು ನೋಡಿ. ಕೆಂಪು ದೀಪಕ್ಕೆ ಮರದ ಕೊಂಬೆಯೋ ಬ್ಯಾನರೋ ಅಡ್ಡವಿದೆಯೇ? ನಡೆಯುವವರ ದೀಪ ಇದೆಯೇ, ಇದ್ದರೆ ಉರಿಯುತ್ತದೆಯೇ? ಹಸಿರು ಎಷ್ಟು ಸೆಕೆಂಡು ಇರುತ್ತದೆ? ಆಮೇಲೆ ಮನೆಯ ಅಂಗಳದಲ್ಲಿ 30 ಅಡಿ ಅಳೆದು, ಅಜ್ಜಿ ಅದನ್ನು ನಡೆಯಲು ಎಷ್ಟು ಹೊತ್ತು ಬೇಕು ಎಂದು ಗಡಿಯಾರ ನೋಡಿ ಬರೆದುಕೊಳ್ಳಿ. ರಸ್ತೆಯ ಅಗಲಕ್ಕೆ ಲೆಕ್ಕ ಹಾಕಿ. ಸಮಯ ಸಾಲದು ಎಂದು ಬಂದರೆ ಸಂಚಾರ ಪೊಲೀಸರಿಗೆ ಒಂದು ಕಾಗದ ಬರೆಯಿರಿ. ಕೆಳಗೆ ಲೆಕ್ಕವನ್ನೂ ತೋರಿಸಿ, ಅಜ್ಜಿ-ಮೊಮ್ಮಕ್ಕಳು ಇಬ್ಬರೂ ಸಹಿ ಹಾಕಿ.