ತಲಪಾಡಿಯಿಂದ ಚಂದ್ರಗಿರಿಗೆ ಒಂದು ಹಗಲು

ತಲಪಾಡಿಯ ಗಡಿ ದಾಟಿ ಮಂಜೇಶ್ವರ, ಕುಂಬಳೆ, ಬದಿಯಡ್ಕ, ಎಡನೀರು, ಚೆರ್ಕಳಗಳ ಮೂಲಕ ಕಾಸರಗೋಡಿನ ಚಂದ್ರಗಿರಿ ಸೇತುವೆಯನ್ನು ಮುಟ್ಟುವ ದಾರಿ ಸುಮಾರು 70 ಕಿಲೋಮೀಟರ್ ಉದ್ದದ್ದು. ಬೈಕಿನಲ್ಲಿ ಅವಸರದಿಂದ ಹೊರಟವರಿಗೆ ಎರಡೂವರೆ ಗಂಟೆ ಸಾಕು. ಕನ್ನಡ ಶಾಲೆಗೆ ಹೋಗುವ ಮಗುವನ್ನು ಹಿಂದೆ ಕೂರಿಸಿಕೊಂಡು, ಅದು ಕೇಳಿದಲ್ಲೆಲ್ಲ ನಿಲ್ಲಿಸುತ್ತ ಸಾಗುವವರಿಗೆ ಮಾತ್ರ ಒಂದು ಹಗಲು ಬೇಕು.

ಬೇಸಗೆ ರಜೆಯ ಒಂದು ಭಾನುವಾರ ತಂದೆ ಮತ್ತು ಮಗಳು ಈ ದಾರಿ ಹಿಡಿದರು. ನಾಲ್ಕು ವರ್ಷ ಮೀರಿದ ಯಾರೇ ಆಗಲಿ, ಹಿಂಬದಿ ಸವಾರರಿಗೂ ಹೆಲ್ಮೆಟ್ ಕಡ್ಡಾಯವೆಂಬುದು ಕಾನೂನು. ಅದರಂತೆ ಇಬ್ಬರ ತಲೆಯ ಮೇಲೂ ಹೆಲ್ಮೆಟ್ ಇತ್ತು. ಮಗಳು ಊರಿನ ಯು.ಪಿ. ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ್ದಳು. ಎಂಟಕ್ಕೆ ಬೇರೆ ಶಾಲೆ ಸೇರಲೇಬೇಕು. ಅಲ್ಲಿ ಕನ್ನಡ ಮಾಧ್ಯಮವೇ, ಇಂಗ್ಲಿಷೇ ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿರಲಿಲ್ಲ. ತಂದೆ ಹತ್ತರವರೆಗೂ ಕನ್ನಡದಲ್ಲಿಯೇ ಓದಿದವರು. ಉದ್ಯೋಗಕ್ಕೆ ಸೇರಿದ ಮೇಲೆ ಕಡತಗಳ ಮಲಯಾಳವನ್ನು ಅಕ್ಷರ ಅಕ್ಷರವಾಗಿ ಕೂಡಿಸಿ ಓದಿ, ಕೆಲವು ವರ್ಷ ಸಹೋದ್ಯೋಗಿಗಳ ಮುಂದೆ ತಡವರಿಸಿದವರು. ಆ ಕಷ್ಟ ಮಗಳಿಗೆ ಬೇಡವೆಂಬ ಕಡೆಗೇ ಅವರ ಮನಸ್ಸು ವಾಲಿತ್ತು. ಮಗಳ ಪ್ರಶ್ನೆಯೇ ಬೇರೆ: ಮನೆಯಲ್ಲಿ ಆಡುವುದು ತುಳು, ಅಂಗಡಿಯಲ್ಲಿ ಮಲಯಾಳ, ಹಾಗಿರುವಾಗ ಕನ್ನಡ ತಮಗೆ ಏನಾಗಬೇಕು?

ಗಡಿ ದಾಟಿದೊಡನೆ ರಾಷ್ಟ್ರೀಯ ಹೆದ್ದಾರಿ 66 ಆರು ಪಥಗಳಾಗಿ ಹರಡಿಕೊಳ್ಳುತ್ತದೆ. ಹೆದ್ದಾರಿ ಅಗಲವಾಗುವಾಗ ಹಳೆಯ ಗುರುತಿನ ಮರಗಳೂ ಅಂಗಡಿಗಳೂ ಹೋದವು. ಊರುಗಳನ್ನು ಗುರುತಿಸಲು ಈಗ ಫಲಕಗಳೇ ಗತಿ. ಕೆಲವು ಫಲಕಗಳಲ್ಲಿ ಕನ್ನಡವಿದೆ, ಕೆಲವುಗಳಲ್ಲಿ ಇಲ್ಲ. ಮಲಯಾಳದ ಬರಹದಲ್ಲಿ ಮಂಜೇಶ್ವರವು ಮಂಜೇಶ್ವರಂ ಆಗುತ್ತದೆ, ಕುಂಬಳೆ ಕುಂಬಳವಾಗುತ್ತದೆ. ಮಗಳು ಹಿಂದಿನಿಂದ ಎರಡು ಲಿಪಿಗಳನ್ನೂ ತಡೆಯಿಲ್ಲದೆ ಓದುತ್ತಿದ್ದಳು. ಶಾಲೆಯಲ್ಲಿ ಸ್ವಲ್ಪ, ಗೆಳತಿಯರಿಂದ ಹೆಚ್ಚು ಕಲಿತ ಮಲಯಾಳ ಅದು. ಅವಳ ವಯಸ್ಸಿನಲ್ಲಿ ತಂದೆಗೆ ಆ ಅಕ್ಷರಗಳು ಬರಿಯ ಸುರುಳಿಗಳಾಗಿ ಕಂಡಿದ್ದವು.

ಮೊದಲ ನಿಲುಗಡೆ ಮಂಜೇಶ್ವರದ ಗಿಳಿವಿಂಡು. ರಾಷ್ಟ್ರಕವಿ ಗೋವಿಂದ ಪೈಗಳ ಮನೆಯ ಆವರಣದಲ್ಲಿ ಎದ್ದುನಿಂತ ಈ ಸ್ಮಾರಕಕ್ಕೆ ಅವರ ಮೊದಲ ಕವನಸಂಗ್ರಹದ ಹೆಸರನ್ನೇ ಇಟ್ಟಿದ್ದಾರೆ. 1883ರಲ್ಲಿ ಹುಟ್ಟಿದ ಪೈಗಳು 1911ರಲ್ಲಿಯೇ ಪ್ರಾಸವನ್ನು ತೊರೆದು ಕನ್ನಡ ಕವಿತೆಗೆ ಹೊಸ ನಡೆ ಕಲಿಸಿದರು. ಕ್ರಿಸ್ತನ ಕೊನೆಯ ದಿನವನ್ನು ‘ಗೊಲ್ಗೊಥಾ’ದಲ್ಲಿ, ಬುದ್ಧನ ಕೊನೆಯ ದಿನವನ್ನು ‘ವೈಶಾಖಿ’ಯಲ್ಲಿ ಹಾಡಿದರು. 1949ರಲ್ಲಿ ಅವರಿಗೆ ರಾಷ್ಟ್ರಕವಿ ಬಿರುದನ್ನು ಕೊಟ್ಟದ್ದು ಅಂದಿನ ಮದ್ರಾಸು ಸರ್ಕಾರ. ಇಷ್ಟು ಪಾಠದಲ್ಲಿ ಬಂದೀತು. ಪಾಠದಲ್ಲಿ ಬಾರದ ಒಂದು ಸಂಗತಿಯನ್ನು ತಂದೆ ಅಂಗಳದಲ್ಲಿ ನಿಂತು ಹೇಳಿದರು.

“ಅವರ ಮನೆಮಾತು ಕೊಂಕಣಿ.”

“ಹಾಗಾದರೆ ಕನ್ನಡದಲ್ಲಿ ಯಾಕೆ ಬರೆದದ್ದು ಅಪ್ಪ?”

ತಂದೆಗೆ ತಟ್ಟನೆ ಉತ್ತರ ಹೊಳೆಯಲಿಲ್ಲ. ಬೈಕು ಮುಂದೆ ಸಾಗಿತು.

ಕಾಸರಗೋಡು ಹೊಳೆಗಳ ಜಿಲ್ಲೆ. ಕೇರಳದ 44 ನದಿಗಳಲ್ಲಿ 12 ಇಲ್ಲಿಯವು. ಉಪ್ಪಳ ಹೊಳೆ, ಶಿರಿಯ ಹೊಳೆಗಳನ್ನು ದಾಟಿದರೆ ಕುಂಬಳೆ. ತೆಂಕುತಿಟ್ಟು ಯಕ್ಷಗಾನಕ್ಕೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟವನೆಂದು ಜನ ನಂಬಿರುವ ಪಾರ್ತಿಸುಬ್ಬನ ಊರು ಇದು. ಗದ್ದೆಯಲ್ಲಿ ತುಳುವಿನಲ್ಲಿ ಪಾಡ್ದನ ಹಾಡಿದವರು ರಾತ್ರಿ ಅದೇ ಗದ್ದೆಯಲ್ಲಿ ಕುಳಿತು ರಾಮ ರಾವಣರ ಕನ್ನಡವನ್ನು ಬೆಳಗಿನವರೆಗೆ ಕೇಳಿದರು. ಅಕ್ಷರ ಬಾರದವರಿಗೂ ಅರ್ಥಗಾರಿಕೆಯ ಕನ್ನಡ ತಿಳಿಯುತ್ತಿತ್ತು. ಆಟ ನೋಡಿ ಬಂದಿದ್ದ ಮಗಳಿಗೆ ಇದನ್ನು ವಿವರಿಸಬೇಕಾಗಲಿಲ್ಲ.

ಕುಂಬಳೆಯಿಂದ ಬದಿಯಡ್ಕದತ್ತ ತಿರುಗಿದರೆ ಹೆದ್ದಾರಿಯ ಧೂಳು ಹಿಂದುಳಿಯುತ್ತದೆ. ಮುರಕಲ್ಲಿನ ಪದವು, ಒಣಗಿದ ಮುಳಿಹುಲ್ಲು, ತಗ್ಗಿನಲ್ಲಿ ಹಸುರಾಗಿ ಅಡಗಿಕೊಂಡ ಅಡಿಕೆ ತೋಟಗಳು. ನಾಯ್ಕಾಪಿನಿಂದ ಒಳಗೆ ಹೋದರೆ ಅನಂತಪುರ. ಕೆರೆಯ ನಡುವಿನ ಈ ಗುಡಿಯೇ ತಿರುವನಂತಪುರದ ಪದ್ಮನಾಭಸ್ವಾಮಿಯ ಮೂಲಸ್ಥಾನವೆಂಬುದು ಭಕ್ತರ ನಂಬಿಕೆ. ಇಲ್ಲಿ ನೈವೇದ್ಯದ ಅನ್ನ ತಿಂದು ಬದುಕಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರಿನಲ್ಲಿ ತೀರಿಕೊಂಡಾಗ ಜಾತಿ ಮತಗಳ ಭೇದವಿಲ್ಲದೆ ಜನ ಸಾಲುಗಟ್ಟಿ ಬಂದಿದ್ದರು. ಮರುವರ್ಷ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿತು. ಮಗಳು ಕಟ್ಟೆಯ ಮೇಲೆ ಅರ್ಧ ಗಂಟೆ ಕಾದಳು, ನೀರು ಅಲುಗಲಿಲ್ಲ.

ನೀರ್ಚಾಲಿನಲ್ಲಿ ಚಹಾ, ಬಿಸಿ ಗೋಳಿಬಜೆ. ಅಲ್ಲಿಂದ ಬದಿಯಡ್ಕ ದೂರವಿಲ್ಲ. ಬದಿಯಡ್ಕದ ಪೆರಡಾಲದಲ್ಲಿ ಕಯ್ಯಾರ ಕಿಞ್ಞಣ್ಣ ರೈಗಳ ‘ಕವಿತಾ ಕುಟೀರ’. 1915ರಲ್ಲಿ ಹುಟ್ಟಿ, ನೂರು ವರ್ಷ ತುಂಬಿಸಿ 2015ರಲ್ಲಿ ತೀರಿಕೊಂಡ ಕಯ್ಯಾರರು ಅಧ್ಯಾಪಕರು, ಕೃಷಿಕರು, ಪಂಚಾಯತಿನ ಅಧ್ಯಕ್ಷರು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿದಾಗ, ಅದನ್ನು ಕರ್ನಾಟಕಕ್ಕೆ ಮರಳಿಸಬೇಕೆಂದು ಕೊನೆಯುಸಿರಿನವರೆಗೂ ಹೋರಾಡಿದವರು. ಅವರೇ ಮಲಯಾಳದ ಮಹಾಕವಿ ಕುಮಾರನ್ ಆಶಾನರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದರು. ಅವರ ಮನೆಮಾತು ತುಳು. ತುಳುವಿನಲ್ಲಿಯೂ ಕಾವ್ಯ ಬರೆದರು.

ಮಗಳಿಗೆ ಇದು ವಿಚಿತ್ರವೆನಿಸಿತು. “ಕೇರಳ ಬೇಡ ಅಂದವರು ಮಲಯಾಳ ಯಾಕೆ ಓದಿದ್ದು?”

“ಅವರಿಗೆ ಸಿಟ್ಟಿದ್ದದ್ದು ಗಡಿ ಎಳೆದವರ ಮೇಲೆ. ಭಾಷೆ ಏನು ಮಾಡಿತ್ತು?” ಎಂದರು ತಂದೆ. ಹೇಳಿದ ಮೇಲೆ ತಾವೂ ಸ್ವಲ್ಪ ಹೊತ್ತು ಸುಮ್ಮನಾದರು.

ಬದಿಯಡ್ಕದಿಂದ ಚೆರ್ಕಳಕ್ಕೆ ಇಳಿಯುವ ಹಾದಿಯಲ್ಲಿ ಎಡನೀರು ಮಠ. ಭಾರತದ ಯಾವ ಕಾನೂನು ಕಾಲೇಜಿಗೆ ಹೋದರೂ ಈ ಮಠದ ಕೇಶವಾನಂದ ಭಾರತೀ ಸ್ವಾಮೀಜಿಯವರ ಹೆಸರು ಕೇಳಿಬರುತ್ತದೆ. ಕೇರಳದ ಭೂಸುಧಾರಣಾ ಕಾಯಿದೆಯಿಂದ ಮಠದ ಭೂಮಿಗೆ ಕುತ್ತು ಬಂದಾಗ ಅವರು 1970ರಲ್ಲಿ ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. 13 ನ್ಯಾಯಾಧೀಶರ ಪೀಠ 68 ದಿನ ವಾದ ಆಲಿಸಿ, 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ತೀರ್ಪಿತ್ತಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಮಠಕ್ಕೆ ಭೂಮಿಯ ವಿಷಯದಲ್ಲಿ ಪರಿಹಾರ ದೊರೆಯಲಿಲ್ಲ. ದೇಶಕ್ಕೆ ಆ ತತ್ತ್ವ ದೊರೆಯಿತು. 2020ರಲ್ಲಿ ಬ್ರಹ್ಮೈಕ್ಯರಾದ ಸ್ವಾಮೀಜಿ ಯಕ್ಷಗಾನದ ಭಾಗವತಿಕೆಯನ್ನೂ ಬಲ್ಲವರಾಗಿದ್ದರು.

ಅದೇ ಸಂವಿಧಾನಕ್ಕೆ 1956ರಲ್ಲಿ, ರಾಜ್ಯಗಳ ಮರುವಿಂಗಡಣೆಯ ಜೊತೆಯಲ್ಲಿಯೇ, 350ಎ ವಿಧಿ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಮೂಲಕ ಕಲಿಯಲು ಸಾಕಷ್ಟು ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಅದು ಹೇಳುತ್ತದೆ. ಅದರಲ್ಲಿ ಎರಡು ಪದಗಳನ್ನು ಕಾಸರಗೋಡಿನವರು ನಿಂತು ಓದಬೇಕು. ಒಂದು, ‘ಪ್ರಾಥಮಿಕ’: ಎಂಟನೆಯ ತರಗತಿಯ ಹೊಸ್ತಿಲಲ್ಲಿ ನಿಂತ ಮಗುವಿನ ಬಗ್ಗೆ ಆ ವಿಧಿ ಏನನ್ನೂ ಹೇಳುವುದಿಲ್ಲ. ಇನ್ನೊಂದು, ‘ಮಾತೃಭಾಷೆ’: ಇಲ್ಲಿನ ಕನ್ನಡ ಶಾಲೆಗಳ ಬೆಂಚುಗಳಲ್ಲಿ ಕುಳಿತವರ ಮನೆಮಾತು ತುಳು, ಕೊಂಕಣಿ, ಮರಾಠಿ, ಬ್ಯಾರಿ, ಹವ್ಯಕ. ಕನ್ನಡ ಇವರಲ್ಲಿ ಅನೇಕರಿಗೆ ಹುಟ್ಟಿನಿಂದ ಬಂದುದಲ್ಲ. ಹಿರಿಯರು ಓದಿಗೆ, ಲೆಕ್ಕಕ್ಕೆ, ಹಾಡಿಗೆ ಆರಿಸಿಕೊಂಡದ್ದು. ಆರಿಸಿಕೊಂಡದ್ದನ್ನು ಪ್ರತಿ ತಲೆಮಾರೂ ಮತ್ತೆ ಆರಿಸಬೇಕಾಗುತ್ತದೆ. ಕನ್ನಡ ಮಕ್ಕಳ ತರಗತಿಗೆ ಕನ್ನಡವರಿಯದ ಅಧ್ಯಾಪಕರು ನೇಮಕಗೊಂಡಾಗ ಪೋಷಕರು ಬೀದಿಗಿಳಿಯುವುದೂ, ತರಗತಿಯಲ್ಲಿ ಮಕ್ಕಳೇ ಇಲ್ಲವಾದರೆ ಅಧ್ಯಾಪಕರ ಹುದ್ದೆಯೇ ಉಳಿಯದೆ ಹೋಗುವುದೂ ಈ ಆಯ್ಕೆಯ ಎರಡು ಮುಖಗಳು.

ಚೆರ್ಕಳದಿಂದ ಪೇಟೆಗೆ, ಪೇಟೆಯಿಂದ ಚಂದ್ರಗಿರಿ ಸೇತುವೆಗೆ ಬರುವಾಗ ಸಂಜೆಯಾಗಿತ್ತು. ಮೇಲೆ ಪಯಸ್ವಿನಿಯೆಂದು ಕರೆಸಿಕೊಂಡ ಹೊಳೆ ಇಲ್ಲಿ ಚಂದ್ರಗಿರಿಯಾಗಿ ಕಡಲು ಸೇರುತ್ತದೆ. ಈ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕೆಂದು 1967ರಲ್ಲಿ ಮಹಾಜನ ಆಯೋಗ ಶಿಫಾರಸು ಮಾಡಿತು. ಅದು ಜಾರಿಗೆ ಬರಲಿಲ್ಲ. ತಂದೆ ಸೇತುವೆಯ ಬದಿಯಲ್ಲಿ ಬೈಕು ನಿಲ್ಲಿಸಿ, ತಮ್ಮ ಮನಸ್ಸಿನಲ್ಲಿದ್ದುದನ್ನು ಮೊದಲ ಬಾರಿಗೆ ಮಗಳ ಮುಂದಿಟ್ಟರು: ಕಚೇರಿಯ ಆ ವರ್ಷಗಳು, ಬೇರೆಯವರಿಂದ ಓದಿಸಿಕೊಂಡ ಕಾಗದಗಳು, ಅವಳಿಗೆ ಅದು ಬೇಡವೆಂಬ ಆಸೆ.

“ನನಗೆ ಮಲಯಾಳ ಓದಲಿಕ್ಕೆ ಬರುತ್ತದಲ್ಲ ಅಪ್ಪ,” ಎಂದಳು ಮಗಳು. “ಇಂಗ್ಲಿಷೂ ಕಲಿಯುತ್ತೇನೆ. ಕನ್ನಡ ಬಿಟ್ಟರೆ ಮತ್ತೆ ಯಾರು ಕಲಿಸುತ್ತಾರೆ?”

ಬೆಳಗಿನಿಂದ ಅವಳು ಓದುತ್ತ ಬಂದ ಫಲಕಗಳು ತಂದೆಯ ನೆನಪಿಗೆ ಬಂದವು. ಅವರ ಹೆದರಿಕೆ ಇಪ್ಪತ್ತೈದು ವರ್ಷ ಹಳೆಯದು. ಆ ಅಕ್ಷರಗಳು ಮಗಳಿಗೆ ಆಗಲೇ ಬಂದಾಗಿತ್ತು.

ಜೂನಿನಲ್ಲಿ, ಮಳೆ ಹಿಡಿದ ವಾರ, ಅವಳು ಕನ್ನಡ ಮಾಧ್ಯಮದ ಎಂಟನೆಯ ತರಗತಿಗೆ ಸೇರಿದಳು. ಅವಳ ಬೆಂಚಿನಲ್ಲಿ ಮೂವರು. ಮನೆಮಾತು ಒಬ್ಬಳದು ಮರಾಠಿ, ಒಬ್ಬಳದು ಬ್ಯಾರಿ, ಅವಳದು ತುಳು.