ಲಕಮನಹಳ್ಳಿಗೆ ಬಂದ ಬೆಣ್ಣೆಹಣ್ಣು

ಹುಬ್ಬಳ್ಳಿಯಿಂದ ಧಾರವಾಡದ ಕಡೆ ಬರುವ ಚಿಗರಿ ಬಸ್ಸಿನಲ್ಲಿ ಕುಳಿತರೆ ನವಲೂರು, ಸತ್ತೂರು ದಾಟಿದ ಮೇಲೆ ನಮ್ಮ ಲಕಮನಹಳ್ಳಿ. ಹೊರಗಿನವರಿಗೆ ಲಕಮನಹಳ್ಳಿ ಎಂದರೆ ಕೈಗಾರಿಕಾ ಪ್ರದೇಶ. ಉದ್ದುದ್ದ ಶೆಡ್ಡುಗಳು, ತಿರುವಿನಲ್ಲಿ ನಿಂತ ಲಾರಿಗಳು, ಪಾಳಿ ಮುಗಿಸಿ ಡಬ್ಬಿ ಹಿಡಿದು ಹೊರಡುವ ಕೆಲಸಗಾರರು. ನಾನೂ ಇಲ್ಲಿಯ ಒಂದು ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಈಗ ನಮ್ಮ ಮನೆಯಲ್ಲಿ ಇರುವವರು ಇಬ್ಬರೇ, ನಾನು ಮತ್ತು ನಮ್ಮ ಮನೆಯಾಕೆ.

ಹೋದ ಮಳೆಗಾಲದಲ್ಲಿ ಮಾತ್ರ ಮೂವರಾಗಿದ್ದೆವು. ಅಮೆರಿಕದ ಟೆಕ್ಸಾಸ್‌ನಲ್ಲಿರುವ ಮೊಮ್ಮಗಳು ಶಾಲೆಯ ರಜೆಗೆ ಬಂದಿದ್ದಳು. ಹನ್ನೊಂದು ವರ್ಷ. ಕನ್ನಡ ತಿಳಿಯುತ್ತದೆ, ಆಡಲು ನಾಚಿಕೆ. ಅವಳ ಅಜ್ಜಿ ದಿನವೂ ಏನೇನೋ ಮಾಡಿದಳು. ಎಣ್ಣೆಗಾಯಿ ಮಾಡಿದಳು, ಜುಣಕ ಮಾಡಿದಳು, ಪಂಚಮಿಗೆ ಮೊದಲೇ ಶೇಂಗಾ ಉಂಡಿ ಕಟ್ಟಿದಳು. ಹುಡುಗಿ ಎರಡು ತುತ್ತು ತಿಂದು "ಸಾಕು ಅಜ್ಜಿ" ಎನ್ನುತ್ತಿದ್ದಳು. ತಟ್ಟೆಯಲ್ಲಿ ಉಳಿದದ್ದನ್ನು ಅಜ್ಜಿ ಮಾತಾಡದೆ ಎತ್ತಿಡುತ್ತಿದ್ದಳು. ಆ ಮೌನ ನನಗೆ ಗೊತ್ತು. ನಲವತ್ತೈದು ವರ್ಷ ನೋಡಿದ್ದೇನೆ.

ಒಂದು ಸೋಮವಾರ ರಾತ್ರಿ ಅಜ್ಜಿ ಕೇಳಿಯೇಬಿಟ್ಟಳು. "ಅವ್ವಾ, ನಿಮ್ಮ ಮನ್ಯಾಗ ನಿನಗ ಭಾಳ ಸೇರೂದು ಏನು? ಹೇಳು, ಮಾಡ್ತೀನಿ."

ಹುಡುಗಿ ಸ್ವಲ್ಪ ಯೋಚಿಸಿ "ಗ್ವಾಕಮೋಲೆ" ಎಂದಳು.

ಅಜ್ಜಿ ನನ್ನ ಮುಖ ನೋಡಿದಳು. ನಾನು ಮೊಮ್ಮಗಳ ಮುಖ ನೋಡಿದೆ. ಅವಳು ಕಾಗದದ ಮೇಲೆ ಒಂದು ಹಣ್ಣಿನ ಚಿತ್ರ ಬರೆದಳು. ಉದ್ದನೆಯ ಕುತ್ತಿಗೆ, ದಪ್ಪ ಹೊಟ್ಟೆ, ನಡುವೆ ಗೋಲಿಯಂಥ ಬೀಜ. "ಇದು ಬೆಣ್ಣೆಹಣ್ಣು ಅಲ್ಲೇನು? ಬೆಂಗಳೂರಾಗ ಹಾಲು ಸಕ್ಕರಿ ಹಾಕಿ ಕುಡಿತಾರ" ಎಂದೆ. "ಸಕ್ಕರೆ ಇಲ್ಲ ಅಜ್ಜಾ. ಉಪ್ಪು, ಖಾರ" ಎಂದಳು ಹುಡುಗಿ. ಅಜ್ಜಿಯ ಹುಬ್ಬು ಮೇಲೇರಿತು. "ಹಣ್ಣಿಗೆ ಉಳ್ಳಾಗಡ್ಡಿ?"

ಅವಳ ರೈಲು ಶನಿವಾರ ರಾತ್ರಿಗೆ. ಮಂಗಳವಾರ ಬೆಳಿಗ್ಗೆಯೇ ಹೊರಟೆವು. ಧಾರವಾಡದ ಸೂಪರ್ ಮಾರ್ಕೆಟ್ಟಿನಲ್ಲಿ ಅಂದು ಬೆಣ್ಣೆಹಣ್ಣು ಸಿಗಲಿಲ್ಲ. ಮತ್ತೆ ಚಿಗರಿ ಹತ್ತಿ ಹುಬ್ಬಳ್ಳಿಗೆ ನಡೆದೆವು. ಮಕ್ಕಳೇ, ಚಿಗರಿ ಎಂದರೆ ನಮ್ಮ ಕಡೆ ಜಿಂಕೆಯಂಥ ಪ್ರಾಣಿ, ಓಟಕ್ಕೆ ಹೆಸರಾದದ್ದು. 2018ರಲ್ಲಿ ಓಡಾಟ ಶುರು ಮಾಡಿದ ಈ ಬಸ್ಸಿಗೆ ರಸ್ತೆಯ ನಡುವೆ ತನ್ನದೇ ಆದ ದಾರಿ ಉಂಟು. ಕಿಟಕಿಯ ಆಚೆ ಜಿಟಿಜಿಟಿ ಮಳೆ. ನವಲೂರು ಬಂದಾಗ ಬುಟ್ಟಿ ತುಂಬ ಪೇರಲ ಇಟ್ಟುಕೊಂಡು ಕುಳಿತ ಹೆಂಗಸರನ್ನು ತೋರಿಸಿದೆ. ನವಲೂರಿನ ಪೇರಲಕ್ಕೆ ನಮ್ಮ ಕಡೆ ದೊಡ್ಡ ಹೆಸರು. "ಇದು ನಮ್ಮೂರ ಹಣ್ಣು" ಎಂದೆ ಹೆಮ್ಮೆಯಿಂದ. ಉಣಕಲ್ ಕೆರೆ ದಾಟಿ, ಇಳಿದು, ಜನತಾ ಬಜಾರಿನ ಹಣ್ಣಿನ ಸಾಲಿನಲ್ಲಿ ಹುಡುಕಿದಾಗ ಕೊನೆಗೆ ಎರಡು ಬೆಣ್ಣೆಹಣ್ಣು ಸಿಕ್ಕವು. "ಕೊಡಗಿನ ಮಾಲು ರೀ" ಎಂದ ಅಂಗಡಿಯವನು.

ಕೊಡಗು, ಚಿಕ್ಕಮಗಳೂರು, ಹಾಸನದ ಕಾಫಿ ತೋಟಗಳಲ್ಲಿ ಈ ಮರಗಳು ಕಾಫಿ ಗಿಡಗಳ ನಡುವೆ ಬೆಳೆಯುತ್ತವೆ. ಮಳೆಗಾಲವೇ ಅಲ್ಲಿ ಇದರ ಸುಗ್ಗಿ. ಕೊಡಗಿನ ಚೆಟ್ಟಳ್ಳಿಯಲ್ಲಿರುವ ತೋಟಗಾರಿಕೆ ಪ್ರಯೋಗ ಕೇಂದ್ರ 'ಅರ್ಕಾ ಸುಪ್ರೀಂ' ಎಂಬ ತಳಿಯನ್ನೂ ಕೊಟ್ಟಿದೆ.

ಹಣ್ಣು ಎಂದೆನಲ್ಲ, ಅವು ಹಣ್ಣಾಗಿರಲಿಲ್ಲ. ಒತ್ತಿದರೆ ಕಲ್ಲು. ಹುಡುಗಿಯ ಮುಖ ಇಳಿಯಿತು. ಬೆಣ್ಣೆಹಣ್ಣಿನ ಗುಣವೇ ಹಾಗೆ. ಗಿಡದಲ್ಲಿ ಎಷ್ಟು ದಿನ ಬಿಟ್ಟರೂ ಅದು ಮೆತ್ತಗಾಗುವುದಿಲ್ಲ, ಕಿತ್ತ ಮೇಲೆಯೇ ಹಣ್ಣಾಗುವುದು. ಅದಕ್ಕೆ ಕೆಲವು ದಿನ ಬೇಕು. ನಮ್ಮ ಬಳಿ ಇದ್ದದ್ದು ನಾಲ್ಕೇ ದಿನ.

ಅಜ್ಜಿ ಮಾತ್ರ ಹೆದರಲಿಲ್ಲ. "ಮಾವಿನಕಾಯಿ ಹಣ್ಣು ಮಾಡಿದಾಕಿ ನಾನು, ಇದೇನು ಮಹಾ?" ಎಂದು ಎರಡನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಜೊತೆಗೆ ಒಂದು ಕಳಿತ ಬಾಳೆಹಣ್ಣು ಇಟ್ಟು, ಜೋಳದ ಡಬ್ಬಿಯಲ್ಲಿ ಹೂತಳು. ಬಾಳೆಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತದೆ. ಆ ಅನಿಲ ಪಕ್ಕದ ಕಾಯಿಯನ್ನು ಬೇಗ ಹಣ್ಣು ಮಾಡುತ್ತದೆ. ಅನಿಲದ ಹೆಸರು ಅಜ್ಜಿಗೆ ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು.

ಬುಧವಾರ ಹುಡುಗಿ ಮೂರು ಸಲ ಡಬ್ಬಿ ತೆಗೆದು ನೋಡಿದಳು. ಗುರುವಾರ ಅಜ್ಜಿಯೂ ಅವಳೂ ಕೂಡಿಯೇ ನೋಡಿದರು. "ಅಲ್ಲಲ್ಲೆ ಒತ್ತಬ್ಯಾಡವ್ವಾ, ಕಪ್ಪಾಗ್ತದ. ತೊಟ್ಟಿನ ಹತ್ರ ಮೆಲ್ಲಕ ಮುಟ್ಟಿ ನೋಡು" ಎಂದು ಅಜ್ಜಿ ಕಲಿಸಿದಳು. ಆ ಮೇಲೆ ಇಬ್ಬರೂ ಅಲ್ಲೇ ಕುಳಿತು ಜೋಳ ಹಸನು ಮಾಡಿದರು. ಹುಡುಗಿ ಅಜ್ಜಿಗೆ ಒಂದು ಮಾತು ಹೇಳಿಕೊಟ್ಟಳು. ಮೆಕ್ಸಿಕೊದ ಹಳೆಯ ಜನರ ನಹುವಾಟಲ್ ಭಾಷೆಯಲ್ಲಿ ಬೆಣ್ಣೆಹಣ್ಣಿಗೆ 'ಅವಕಾತಲ್', ಗೊಜ್ಜಿಗೆ 'ಮೊಲ್ಲಿ'. ಎರಡೂ ಕೂಡಿ 'ಅವಕಾಮೊಲ್ಲಿ', ಅದೇ ಗ್ವಾಕಮೋಲೆ. ಅಲ್ಲಿಯವರು ಅದನ್ನು ಮೂರು ಕಾಲಿನ ಕಲ್ಲಿನ ಒರಳಿನಲ್ಲಿ ಅರೆಯುತ್ತಾರಂತೆ. "ಅಂದ್ರ ಅದೂ ಚಟ್ನೀನೇ!" ಎಂದಳು ಅಜ್ಜಿ. ಅವಳ ದನಿಯಲ್ಲಿ ಅಂದು ಮೊದಲ ಸಲ ಧೈರ್ಯ ಬಂದಿತ್ತು.

ನನಗೂ ಒಂದು ಪಾಠವಾಯಿತು. ಹೆಮ್ಮೆಯಿಂದ ತೋರಿಸಿದ್ದೆನಲ್ಲ, ನಮ್ಮೂರ ಪೇರಲ? ಅದರ ತವರೂ ಅಮೆರಿಕ ಖಂಡವೇ. ಮೆಣಸಿನಕಾಯಿ, ಟೊಮೆಟೊ, ಶೇಂಗಾ ಕೂಡ ಅಲ್ಲಿಂದಲೇ ಬಂದವು. ಪೋರ್ಚುಗೀಸರ ಹಡಗುಗಳ ಕಾಲಕ್ಕೆ ಮುಂಚೆ ನಮ್ಮ ನಾಡಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯೂ ಇರಲಿಲ್ಲ, ಶೇಂಗಾ ಉಂಡಿಯೂ ಇರಲಿಲ್ಲ. ಅವೆಲ್ಲ ಬಹಳ ಹಿಂದೆ ಬಂದು ನಮ್ಮವೇ ಆಗಿಬಿಟ್ಟವು. ಬೆಣ್ಣೆಹಣ್ಣು ಸ್ವಲ್ಪ ತಡವಾಗಿ ಬಂತು, ಅಷ್ಟೇ.

ಶುಕ್ರವಾರ ರಾತ್ರಿಯೂ ಕಾಯಿ ಗಟ್ಟಿಯೇ. ಹುಡುಗಿ ಏನೂ ಹೇಳದೆ ಮಲಗಿದಳು. ಶನಿವಾರ ಮಧ್ಯಾಹ್ನ ಅಡುಗೆಮನೆಯಿಂದ ಕೂಗು. "ಏನ್ರೀ, ಒಂದು ಹಣ್ಣಾಗ್ಯದ ನೋಡ್ರಿ!"

ಒಂದು ಮಾತ್ರ. ಇನ್ನೊಂದು ಇನ್ನೂ ಕಲ್ಲೇ.

ಅಜ್ಜಿ ಈಳಿಗೆಯ ಮುಂದೆ ಕುಳಿತು, ಹಣ್ಣನ್ನು ಅಲಗಿಗೆ ತಾಗಿಸಿ, ಬೀಜದ ಸುತ್ತ ಒಂದು ಸುತ್ತು ತಿರುಗಿಸಿದಳು. ಎರಡೂ ಕೈಯಲ್ಲಿ ಹಿಡಿದು ತಿರುವಿದಾಗ ಹಣ್ಣು ಎರಡು ಹೋಳಾಯಿತು. ಒಳಗೆ ನಿಜಕ್ಕೂ ಬೆಣ್ಣೆ, ಅಂಚಿಗೆ ಹಸಿರು. ಮುಂದಿನದನ್ನು ಮೊಮ್ಮಗಳೇ ಮಾಡಿದಳು. ನೀವೂ ಮಾಡಬಹುದು. ಹೆಚ್ಚುವ ಕೆಲಸ ಮಾತ್ರ ದೊಡ್ಡವರಿಗೆ ಬಿಡಿ.

ಒಂದು ದೊಡ್ಡ ಹಣ್ಣಿನ ತಿರುಳನ್ನು ಚಮಚದಿಂದ ತೆಗೆದುಕೊಳ್ಳಿ. ಅರ್ಧ ಉಳ್ಳಾಗಡ್ಡಿ, ಒಂದು ಹಸಿಮೆಣಸಿನಕಾಯಿ, ಎರಡು ಚಮಚ ಕೊತ್ತಂಬರಿ ಸಣ್ಣಗೆ ಹೆಚ್ಚಿರಲಿ. ಉಪ್ಪು, ಮೆಣಸಿನಕಾಯಿ, ಸ್ವಲ್ಪ ಉಳ್ಳಾಗಡ್ಡಿಯನ್ನು ಮೊದಲು ಒರಳಿನಲ್ಲಿ ಜಜ್ಜಿ. ಆಮೇಲೆ ತಿರುಳು ಹಾಕಿ ಗುಂಡಿನಿಂದ ಮೆತ್ತಗೆ ಒತ್ತಿ. ಮಿಕ್ಸರ್ ಬೇಡ, ಅಲ್ಲಲ್ಲಿ ಸಣ್ಣ ಗಂಟು ಉಳಿದರೇ ರುಚಿ. ಉಳಿದ ಉಳ್ಳಾಗಡ್ಡಿ, ಕೊತ್ತಂಬರಿ ಬೆರೆಸಿ ಅರ್ಧ ಲಿಂಬಿಹಣ್ಣು ಹಿಂಡಿ. ಬೇಕಾದರೆ ಬೀಜ ತೆಗೆದ ಟೊಮೆಟೊ ಹಾಕಬಹುದು. ಒಲೆ ಹಚ್ಚುವ ಕೆಲಸವೇ ಇಲ್ಲ. ಹೆಚ್ಚಿದ ಬದನೆಕಾಯಿ ಕಪ್ಪಾಗುವಂತೆ ಇದೂ ಗಾಳಿ ತಾಗಿದರೆ ಕಪ್ಪಾಗುತ್ತದೆ. ಲಿಂಬಿಯ ಹುಳಿ ಅದನ್ನು ಸ್ವಲ್ಪ ಹೊತ್ತು ತಡೆಯುತ್ತದೆ, ಆದರೂ ಮಾಡಿದ ಕೂಡಲೇ ತಿನ್ನುವುದೇ ಸರಿ.

"ಇದಕ್ಕ ಏನು ಹಚ್ಚಿಕೊಂಡು ತಿನ್ನೂದು?" ಎಂದೆ. ಅಲ್ಲಿ ಮೆಕ್ಕೆಜೋಳದ ಚಿಪ್ಸ್ ಅಂತೆ. ಅಜ್ಜಿ ಎದ್ದು ಬುಟ್ಟಿಯಿಂದ ಖಡಕ್ ಜೋಳದ ರೊಟ್ಟಿ ತಂದು, ಚೂರು ಮಾಡಿ ತಟ್ಟೆಯಲ್ಲಿಟ್ಟಳು. ಹುಡುಗಿ ಒಂದು ಚೂರಿನಲ್ಲಿ ತುಂಬ ತೆಗೆದುಕೊಂಡು ಬಾಯಿಗಿಟ್ಟಳು. ಕಟುಂ ಎಂದಿತು. ಅವಳು ಏನೂ ಹೇಳಲಿಲ್ಲ, ಇನ್ನೊಂದು ಚೂರಿಗೆ ಕೈ ಹಾಕಿದಳು. ಎರಡು ರೊಟ್ಟಿ ಮುಗಿದವು. ದವಡೆ ಹಲ್ಲು ಇಲ್ಲದ ನಾನು ಬಿಸಿ ರೊಟ್ಟಿಗೆ ಹಚ್ಚಿಕೊಂಡು ತಿಂದೆ. ಕೊನೆಗೆ ಹುಡುಗಿ ಕೇಳಿದಳು. "ಅಜ್ಜಿ, ಈ ರೊಟ್ಟಿ ಡಬ್ಬಿಯಲ್ಲಿ ಹಾಕಿ ಕೊಡ್ತೀಯಾ?"

ರಾತ್ರಿ ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ರೈಲು ನಿಲ್ದಾಣಕ್ಕೆ ಹೋದೆವು. ಅಲ್ಲಿಯ ಪ್ಲಾಟ್‌ಫಾರ್ಮ್ ಉದ್ದ 1,507 ಮೀಟರ್, ಜಗತ್ತಿನಲ್ಲೇ ಉದ್ದನೆಯದು. ಅಜ್ಜಿಯ ಮೊಣಕಾಲು ನೋವಿಗೆ ಅದು ದೊಡ್ಡ ನಡಿಗೆ. ಆದರೂ ರೊಟ್ಟಿಯ ಡಬ್ಬಿಯನ್ನು ಅವಳೇ ಹಿಡಿದು ಬೋಗಿಯ ತನಕ ನಡೆದಳು.

ಸೋಮವಾರ ಜೋಳದ ಡಬ್ಬಿ ತೆಗೆದಾಗ ಎರಡನೆಯ ಬೆಣ್ಣೆಹಣ್ಣು ಮೆತ್ತಗಾಗಿತ್ತು. ಇಬ್ಬರೇ ಇದ್ದೆವು. "ಸಕ್ಕರಿ ಹಾಕಲೇನು?" ಎಂದು ಕೇಳಿದೆ. ಅಜ್ಜಿ ತಲೆಯಾಡಿಸಿ ಒರಳು ಎಳೆದುಕೊಂಡಳು. ಉಳ್ಳಾಗಡ್ಡಿ ಸುಲಿಯಲು ನನ್ನ ಕಡೆ ತಳ್ಳಿದಳು.